ಹರಿದರೂ ಸರಿ, ಪುಸ್ತಕ ಮಕ್ಕಳ ಮನೆಗೆ ಹೋಗಲಿ

ಮಾನ್ಯರೆ,

ಚಿಂಚೋಳಿ ತಾಲ್ಲೂಕಿನ ನಮ್ಮೂರ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಗೆ ಈ ವರ್ಷ ಹೊಸ ಮಕ್ಕಳ ಪುಸ್ತಕಗಳು ಬಂದಿವೆ. ನಾನು ಆ ಶಾಲೆಯ ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಸಮಿತಿಯ ಸದಸ್ಯೆ. ಮನೆಯಲ್ಲಿ ಬ್ಲೌಸ್ ಹೊಲಿಯುತ್ತೇನೆ, ಮಗಳು ಅಲ್ಲೇ ಐದನೇ ತರಗತಿ ಓದುತ್ತಾಳೆ. ಶಿಕ್ಷಣ ಇಲಾಖೆಯವರಲ್ಲಿ ನನ್ನದು ಒಂದೇ ಬೇಡಿಕೆ. ಮಕ್ಕಳು ಓದಿ ಓದಿ ಹರಿದ ಪುಸ್ತಕದ ಲೆಕ್ಕವನ್ನು ಶಿಕ್ಷಕರ ತಲೆಗೆ ಕಟ್ಟಬೇಡಿ. ಹಾಗೆಂದು ಎಲ್ಲ ಶಾಲೆಗೂ ಸ್ಪಷ್ಟವಾಗಿ ಆದೇಶ ಬರೆದು ಕಳಿಸಿ.

ಈ ಪುಸ್ತಕಗಳು ಬಂದಾಗ ಏನಾಯಿತು ಅಂತ ಹೇಳುತ್ತೇನೆ. ಎಲ್ಲಕ್ಕೂ ಖಾಕಿ ಬೈಂಡ್ ಹಾಕಿದರು. ಮೇಲೆ ನಂಬರ್ ಬರೆದರು. ಒಳಗೆ ಶಾಲೆಯ ಸೀಲು ಒತ್ತಿದರು, ಒಂದು ಪುಸ್ತಕದಲ್ಲಿ ಆ ಸೀಲು ಆನೆಯ ಮುಖದ ಮೇಲೇ ಬಿದ್ದಿದೆ. ಆಮೇಲೆ ಬೀರುವಿನಲ್ಲಿಟ್ಟು ಬೀಗ ಹಾಕಿದರು. ಬಾಗಿಲು ತೆಗೆದರೂ ಕಾಣುವುದು ಬರೀ ಖಾಕಿ ಬೆನ್ನು. ಯಾವುದು ಹುಲಿಯ ಕಥೆ, ಯಾವುದು ರೈಲಿನ ಕಥೆ ಅಂತ ಮಗುವಿಗೆ ಹೇಗೆ ಗೊತ್ತಾಗಬೇಕು?

ನಮ್ಮ ಟೀಚರ್ ಕೆಟ್ಟವರಲ್ಲ. ಮಕ್ಕಳೆಂದರೆ ಅವರಿಗೆ ಜೀವ. ಆದರೆ ಸ್ಟಾಕ್ ರಿಜಿಸ್ಟರ್ ಅವರ ಹೆಸರಿನಲ್ಲಿದೆ. ಆಡಿಟ್‌ಗೆ ಬಂದವರು ಇಂಥ ನಂಬರಿನ ಪುಸ್ತಕ ಎಲ್ಲಿ ಅಂದರೆ ಅವರೇ ಉತ್ತರ ಕೊಡಬೇಕು. ವರ್ಗವಾದರೆ ಒಂದೊಂದನ್ನೂ ಎಣಿಸಿ ಚಾರ್ಜ್ ಒಪ್ಪಿಸಬೇಕು. ಕಳೆದದ್ದಕ್ಕೆ, ಹರಿದದ್ದಕ್ಕೆ ಕೈಯಿಂದ ದುಡ್ಡು ಕಟ್ಟಬೇಕಾಗಬಹುದು ಅನ್ನುವ ಅಂಜಿಕೆ. ಇಷ್ಟೆಲ್ಲಾ ಇದ್ದ ಮೇಲೆ ಯಾರು ತಾನೇ ಧೈರ್ಯವಾಗಿ ಮಕ್ಕಳ ಕೈಗೆ ಪುಸ್ತಕ ಕೊಡುತ್ತಾರೆ?

ಎಸ್‌ಡಿಎಂಸಿ ಸಭೆಯಲ್ಲಿ ಈ ಮಾತು ಎತ್ತಿದೆ. ಹರಿದರೆ ಹೊಲಿದು ಕೊಡುವ ಜವಾಬ್ದಾರಿ ನನ್ನದು ಅಂದೆ. ಹೆಡ್ ಮಾಸ್ತರು ಒಪ್ಪಿದರು. ಬೈಂಡ್ ಎಲ್ಲಾ ಬಿಚ್ಚಿದೆವು. ಲಂಗದ ಬಟ್ಟೆ ಉಳಿದಿತ್ತು, ಅದರಲ್ಲಿ ಗೋಡೆಗೆ ತೂಗುಹಾಕುವ ಜೇಬುಗಳನ್ನು ಹೊಲಿದೆ. ಮುಖಪುಟ ಎದುರಿಗೆ ಕಾಣುವಂತೆ ಒಂದೊಂದು ಜೇಬಿನಲ್ಲಿ ಒಂದೊಂದು ಪುಸ್ತಕ. ಒಂದನೇ ತರಗತಿಯ ಮಕ್ಕಳ ಕೈಗೆ ಎಟುಕಬೇಕು ಅಂತ ಕೆಳಗೆ ಕಟ್ಟಿದ್ದೇವೆ.

ಅವತ್ತೇ ಒಂದು ಪುಸ್ತಕ ಎಲ್ಲರ ಕಣ್ಣಿಗೆ ಬಿತ್ತು. ಅದರಲ್ಲಿ ಅಕ್ಷರವೇ ಇಲ್ಲ, ಬರೀ ಚಿತ್ರ. ಸಂತೆಯಲ್ಲಿ ಒಂದು ಆಡು ಹಗ್ಗ ಬಿಡಿಸಿಕೊಂಡು ಓಡುತ್ತದೆ. ತಾಂಡಾದಿಂದ ಬರುವ ಎರಡನೇ ತರಗತಿಯ ಹುಡುಗಿ ಅದನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಕ್ಲಾಸಿನಲ್ಲಿ ಆಕೆ ಬಾಯಿ ಬಿಡುವುದೇ ಕಡಿಮೆ, ಯಾಕೆಂದರೆ ಮನೆಯಲ್ಲಿ ಲಂಬಾಣಿ, ಶಾಲೆಯಲ್ಲಿ ಕನ್ನಡ. ಆ ಹುಡುಗಿ ಒಂದೊಂದೇ ಪುಟ ತಿರುವುತ್ತಾ ಲಂಬಾಣಿಯಲ್ಲೇ ಜೋರಾಗಿ ಕಥೆ ಶುರು ಮಾಡಿದಳು. ಆಡು ಬಳೆ ಅಂಗಡಿಗೆ ನುಗ್ಗುವ ಪುಟಕ್ಕೆ ಬಂದಾಗ ನಿಲ್ಲಿಸಿ, ಬೆರಳಿಟ್ಟು, ಸುತ್ತ ಕೂತವರ ಮುಖ ನೋಡಿದಳು. ಪಕ್ಕದ ಹುಡುಗ ಅದನ್ನೇ ಕನ್ನಡದಲ್ಲಿ ಹೇಳಿದ. ‘ಹಂಗಲ್ಲ’ ಅಂತ ಅವನನ್ನು ತಿದ್ದಿ, ಮುಂದಿನ ಪುಟ ತಾನೇ ಕನ್ನಡದಲ್ಲಿ ಹೇಳಿದಳು. ಮುಗಿದ ಮೇಲೆ ‘ಮನಿಗಿ ಒಯ್ಲೇನ್ರೀ ಟೀಚರ್?’ ಅಂತ ಕೇಳಿದಳು. ಟೀಚರ್ ಒಂದು ಕ್ಷಣ ನನ್ನ ಕಡೆ ನೋಡಿ, ‘ಒಯ್ಯವ್ವಾ’ ಅಂದರು. ಪುಸ್ತಕ ಮೂಲೆ ಮಡಚಿಕೊಂಡು, ಎಣ್ಣೆ ಕಲೆ ಹತ್ತಿಸಿಕೊಂಡು ವಾಪಸ್ ಬಂತು. ಮನೆಯಲ್ಲಿ ಅಜ್ಜಿಯೂ ನೋಡಿದಳಂತೆ. ಆ ಅಜ್ಜಿಗೆ ಓದಲು ಬರುವುದಿಲ್ಲ. ಚಿತ್ರಕ್ಕೆ ಓದು ಯಾಕೆ ಬೇಕು, ಅಲ್ವಾ?

ನಮ್ಮ ತಾಲ್ಲೂಕು ತೆಲಂಗಾಣದ ಅಂಚಿನಲ್ಲಿದೆ. ಒಂದೇ ಬೆಂಚಿನಲ್ಲಿ ಕನ್ನಡ, ತೆಲುಗು, ಉರ್ದು, ಲಂಬಾಣಿ ಮನೆಮಾತಿನ ಮಕ್ಕಳು ಕೂರುತ್ತಾರೆ. ಇಂಥ ಕಡೆ ಚಿತ್ರದ ಪುಸ್ತಕಗಳು, ಪುಟಕ್ಕೆ ಎರಡೇ ಸಾಲಿನ ಪುಸ್ತಕಗಳು ಜಾಸ್ತಿ ಬೇಕು. ಆದರೆ ನಮಗೆ ಬಂದ ಪೆಟ್ಟಿಗೆಯಲ್ಲಿ ದೊಡ್ಡವರ ಪ್ರಬಂಧ ಸಂಕಲನ, ಸ್ಪರ್ಧಾತ್ಮಕ ಪರೀಕ್ಷೆಯ ಗೈಡ್ ಕೂಡ ಇದ್ದವು. ಅಕ್ಷರ ಸಾಸಿವೆ ಕಾಳಿನಷ್ಟು. ಹತ್ತು ವರ್ಷದ ಮಗುವಿಗೆ ಅದನ್ನು ಯಾರು ಆರಿಸಿದರೋ ತಿಳಿಯಲಿಲ್ಲ.

ಕನ್ನಡದಲ್ಲಿ ಮಕ್ಕಳಿಗೆ ಒಳ್ಳೆಯ ಹೊಸ ಪುಸ್ತಕಗಳಿಲ್ಲ ಅನ್ನುವ ಹಾಗಿಲ್ಲ. ಕೇಂದ್ರ ಸಾಹಿತ್ಯ ಅಕಾಡೆಮಿ 2010ರಿಂದ ಬಾಲ ಸಾಹಿತ್ಯ ಪುರಸ್ಕಾರ ಕೊಡುತ್ತಿದೆ. 2022ರಲ್ಲಿ ತಮ್ಮಣ್ಣ ಬೀಗಾರರ ‘ಬಾವಲಿ ಗುಹೆ’, 2023ರಲ್ಲಿ ವಿಜಯಶ್ರೀ ಹಾಲಾಡಿಯವರ ‘ಸೂರಕ್ಕಿ ಗೇಟ್’, 2024ರಲ್ಲಿ ಕೃಷ್ಣಮೂರ್ತಿ ಬಿಳಿಗೆರೆಯವರ ‘ಛೂಮಂತ್ರಯ್ಯನ ಕಥೆಗಳು’ ಆ ಪುರಸ್ಕಾರ ಪಡೆದವು. ಪೇಪರಿನಲ್ಲಿ ಈ ಹೆಸರು ಓದಿದ ಮಗಳು ಶಾಲೆಯಲ್ಲಿ ಹುಡುಕಿದಳು. ಒಂದೂ ಇರಲಿಲ್ಲ. ನ್ಯಾಷನಲ್ ಬುಕ್ ಟ್ರಸ್ಟ್, ನವಕರ್ನಾಟಕ, ಪ್ರಥಮ್ ಬುಕ್ಸ್‌ನವರ ಪುಸ್ತಕಗಳನ್ನು ಶಿಕ್ಷಕರೂ ಮಕ್ಕಳೂ ಕೈಯಲ್ಲಿ ಹಿಡಿದು ನೋಡಿ ಆರಿಸುವಂತಾಗಬೇಕು. ಇಂಥದ್ದೇ ಕೊಳ್ಳಿ ಅಂತ ಮೇಲಿನಿಂದ ಪಟ್ಟಿ ಬರುವುದು ಬೇಡ. ನಮ್ಮ ಶಾಲೆಯ ಹುಡುಗರು ಮೊದಲು ಕೈ ಹಾಕಿದ್ದು ಹಾವು, ಚೇಳು, ಜೇಡದ ಪುಸ್ತಕಕ್ಕೆ. ಹೊಲದಲ್ಲಿ ದಿನಾ ನೋಡುವ ಜೀವಗಳು. ಅಂಥ ಪುಸ್ತಕ ಒಂದೇ ಪ್ರತಿ ಇದೆ, ಅದಕ್ಕಾಗಿ ಜಗಳ.

ಇದು ಯಾರೋ ಕೊಡುವ ದಾನವೂ ಅಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಲ್ಲೇ ಪ್ರತಿ ಶಾಲೆಗೂ ಗ್ರಂಥಾಲಯ ಇರಬೇಕು, ಅದರಲ್ಲಿ ಪೇಪರ್, ಪತ್ರಿಕೆಗಳ ಜೊತೆ ಕಥೆ ಪುಸ್ತಕಗಳೂ ಇರಬೇಕು ಅಂತ ಬರೆದಿದೆ. ಸರ್ಕಾರದ ‘ಸಮಗ್ರ ಶಿಕ್ಷಣ’ ಯೋಜನೆಯಲ್ಲಿ ಶಾಲಾ ಗ್ರಂಥಾಲಯಕ್ಕೆ ಅನುದಾನವೂ ಇದೆ. ಪುಸ್ತಕ ಕೊಟ್ಟವರು, ಅದು ಸವೆಯುತ್ತದೆ ಅನ್ನುವುದನ್ನೂ ಒಪ್ಪಬೇಕು. ಸೀಮೆಸುಣ್ಣ ಎಷ್ಟು ಉಳಿಯಿತು ಅಂತ ಯಾರಾದರೂ ಲೆಕ್ಕ ಕೇಳುತ್ತಾರಾ? ವರ್ಷಕ್ಕೊಮ್ಮೆ ಹೆಡ್ ಮಾಸ್ತರು, ಎಸ್‌ಡಿಎಂಸಿ ಕೂತು, ಹರಿದ ಪುಸ್ತಕಗಳನ್ನು ನೋಡಿ, ಸಹಿ ಹಾಕಿ, ರಿಜಿಸ್ಟರಿನಿಂದ ತೆಗೆಯಲು ಅವಕಾಶ ಕೊಟ್ಟರೆ ಸಾಕು. ಕೆಲವಕ್ಕೆ ಬದಲಿ ಪುಕ್ಕಟೆಯೇ ಸಿಗುತ್ತದೆ. ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ತಾಣದಲ್ಲಿ ಕನ್ನಡದ ಚಿತ್ರಕಥೆಗಳಿವೆ, ಇಳಿಸಿಕೊಂಡು ಪ್ರಿಂಟ್ ತೆಗೆಯಬಹುದು.

2025ರ ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ನಮ್ಮ ಕಲಬುರಗಿ ಜಿಲ್ಲೆ ಶೇ 42.43 ಪಡೆದು ರಾಜ್ಯದಲ್ಲೇ ಕೊನೆಗೆ ನಿಂತಿತು. ಆಮೇಲೆ ಎಲ್ಲರೂ ಹತ್ತನೇ ತರಗತಿಯ ವಿಶೇಷ ಕ್ಲಾಸಿನ ಬಗ್ಗೆಯೇ ಮಾತಾಡಿದರು. ಪ್ರಶ್ನೆಪತ್ರಿಕೆಯನ್ನು ಸರಾಗವಾಗಿ ಓದುವ ಅಭ್ಯಾಸ ಎರಡನೇ, ಮೂರನೇ ತರಗತಿಯಲ್ಲೇ ಬರಬೇಕು. ಪಾಠದ ಪುಸ್ತಕ ಒಂದರಿಂದಲೇ ಅದು ಬರುವುದಿಲ್ಲ, ನನ್ನ ಮಗಳಿಗೂ ಬಂದಿರಲಿಲ್ಲ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ ‘ಅಕ್ಷರ ಆವಿಷ್ಕಾರ’ದ ಹೆಸರಿನಲ್ಲಿ ಶಾಲೆಗಳಿಗೆ ಹಣ ಹಾಕುತ್ತಿದೆ. ಕಟ್ಟಡಗಳು ಬೇಕು, ಬೇಡ ಅನ್ನುತ್ತಿಲ್ಲ. ಆ ಹಣದಲ್ಲಿ ಕಿರಿಯ ಮಕ್ಕಳ ಕಥೆ ಪುಸ್ತಕಕ್ಕೂ ಒಂದು ಪಾಲು ಇಡಿ ಅಂತ ಕೇಳುತ್ತಿದ್ದೇನೆ.

ಏಪ್ರಿಲ್ ಎರಡನೇ ವಾರದ ಹೊತ್ತಿಗೆ ಬೇಸಿಗೆ ರಜೆ ಶುರುವಾಗುತ್ತದೆ. ನಮ್ಮ ಕಡೆಯ ಬಿಸಿಲು ಗೊತ್ತೇ ಇದೆ, ಮಧ್ಯಾಹ್ನ ಮಕ್ಕಳು ಹೊರಗೆ ಕಾಲಿಡುವ ಹಾಗಿಲ್ಲ. ಓದಲು ಅದಕ್ಕಿಂತ ಒಳ್ಳೆಯ ಹೊತ್ತು ಇನ್ನೊಂದಿಲ್ಲ, ಆದರೆ ಆಗಲೇ ಶಾಲೆಗೆ ಬೀಗ ಬಿದ್ದಿರುತ್ತದೆ. ತಾಂಡಾದ ಕೆಲವು ಮಕ್ಕಳು ಅಪ್ಪ ಅಮ್ಮನ ಜೊತೆ ಮುಂಬೈ, ಪುಣೆ ಕಡೆ ದುಡಿಯಲು ಹೊರಡುತ್ತಾರೆ. ಅವರ ಚೀಲದಲ್ಲೂ ಎರಡು ಪುಸ್ತಕ ಇರಲಿ, ವಾಪಸ್ ಬರದಿದ್ದರೂ ಪರವಾಗಿಲ್ಲ ಅನ್ನುವಷ್ಟು ದೊಡ್ಡ ಮನಸ್ಸನ್ನು ಇಲಾಖೆ ಮಾಡಬೇಕು. ಹಾಗಾಗಿ ನಾನು ಕೇಳಿದ ಆದೇಶ ಮಾರ್ಚ್ ಮುಗಿಯುವುದರೊಳಗೆ ಶಾಲೆಗಳಿಗೆ ತಲುಪಲಿ. ರಜೆ ಶುರುವಾದ ಮೇಲೆ ಬಂದರೆ ಈ ವರ್ಷವೂ ಪುಸ್ತಕಗಳು ಒಳಗೇ ಉಳಿಯುತ್ತವೆ.

— ಎಸ್‌ಡಿಎಂಸಿ ಸದಸ್ಯೆ, ಚಿಂಚೋಳಿ ತಾಲ್ಲೂಕು, ಕಲಬುರಗಿ ಜಿಲ್ಲೆ