ತೊಂದರೆಯೇ ಇಲ್ಲದ ಅಜ್ಜಿಗೆ ಆಂಟಿಬಯೋಟಿಕ್ ಯಾಕೆ?

ಮಾನ್ಯ ಸಂಪಾದಕರೇ,

ಈಗ ಯಾವ ಲ್ಯಾಬಿಗೆ ಹೋದರೂ ವಯಸ್ಸಾದವರಿಗೆ ಅಂತ ಒಂದು ಚೆಕಪ್ ಪ್ಯಾಕೇಜ್ ಇರುತ್ತದೆ, ಅದರಲ್ಲಿ ಯೂರಿನ್ ಪರೀಕ್ಷೆಯೂ ಸೇರಿರುತ್ತದೆ. ನಮ್ಮ ದೊಡ್ಡಮ್ಮನಿಗೆ ಉರಿ ಇರಲಿಲ್ಲ, ಜ್ವರ ಇರಲಿಲ್ಲ, ಊಟ ನಿದ್ದೆ ಎಲ್ಲ ಸರಿಯಾಗೇ ಇತ್ತು. ಆದರೂ ರಿಪೋರ್ಟಿನಲ್ಲಿ ಪಸ್ ಸೆಲ್ಸ್ (ಕೀವಿನ ಕಣ) ಜಾಸ್ತಿ ಅಂತ ಬಂತು, ಯಾವ ಬ್ಯಾಕ್ಟೀರಿಯಾ ಇದೆ ಅಂತ ಬೆಳೆಸಿ ನೋಡುವ ಕಲ್ಚರ್ ಪರೀಕ್ಷೆ ಮಾಡಿಸಿದರೆ ಇ. ಕೋಲಿ ಅನ್ನುವ ಬ್ಯಾಕ್ಟೀರಿಯಾ! ಮನೆಯಲ್ಲಿ ಗಾಬರಿಯೋ ಗಾಬರಿ. ಡಾಕ್ಟರು ಮಾತ್ರ ಏನೂ ಬರೆಯಲಿಲ್ಲ. 'ತೊಂದರೆಯೇ ಇಲ್ಲವಲ್ಲ, ಏನನ್ನು ವಾಸಿ ಮಾಡಲಿ?' ಅಂದರು.

ಅವರು ಹೇಳಿದ್ದು ಸರಿ. ವಯಸ್ಸಾದ ಮೇಲೆ, ಅದರಲ್ಲೂ ಹೆಂಗಸರಲ್ಲಿ, ಮೂತ್ರದಲ್ಲಿ ಬ್ಯಾಕ್ಟೀರಿಯಾ ಸುಮ್ನೆ ಇರುವುದು ತೀರಾ ಸಾಮಾನ್ಯ. ತುಂಬಾ ದಿನದಿಂದ ಕ್ಯಾಥಿಟರ್ (ಮೂತ್ರ ಹೊರಹೋಗಲು ಹಾಕುವ ನಳಿಕೆ) ಹಾಕಿಕೊಂಡವರಲ್ಲಂತೂ ಹೆಚ್ಚುಕಡಿಮೆ ಎಲ್ಲರಿಗೂ ಇರುತ್ತದೆ. ಮೂತ್ರನಾಳದ ಆಪರೇಷನ್‌ನಂಥ ಕೆಲವು ಸಂದರ್ಭ ಬಿಟ್ಟರೆ, ಲಕ್ಷಣ ಇಲ್ಲದಿದ್ದರೆ ಇದಕ್ಕೆ ಔಷಧಿ ಬೇಡ ಅಂತಲೇ ವೈದ್ಯಕೀಯ ಮಾರ್ಗಸೂಚಿಗಳು ಹೇಳುತ್ತವೆ.

ಸುಮ್ಮನೆ ಒಂದು ಕೋರ್ಸ್ ಮುಗಿಸಿದರೆ ಏನಾಗುತ್ತದೆ ಅಂತೀರಾ? ಸಿಪ್ರೊಫ್ಲಾಕ್ಸಸಿನ್, ಲಿವೊಫ್ಲಾಕ್ಸಸಿನ್ ಅನ್ನುವ ಆಂಟಿಬಯೋಟಿಕ್ ಮಾತ್ರೆಗಳಿಂದ ಹಿಮ್ಮಡಿಯ ಸ್ನಾಯುರಜ್ಜು ಹರಿಯಬಹುದು ಅಂತ ಅಮೆರಿಕದ ಔಷಧ ನಿಯಂತ್ರಕರು 2008ರಲ್ಲೇ ಎಚ್ಚರಿಸಿದ್ದಾರೆ. 60 ದಾಟಿದವರಿಗೆ, ಸ್ಟೀರಾಯ್ಡ್ ತಗೊಳ್ಳುವವರಿಗೆ ಈ ಅಪಾಯ ಜಾಸ್ತಿ. ಶುಗರ್ ಮಾತ್ರೆ ನುಂಗುವವರಿಗೆ ಇವುಗಳಿಂದ ರಕ್ತದ ಸಕ್ಕರೆ ದಿಢೀರನೆ ಇಳಿಯಬಹುದು. ರಕ್ತ ತೆಳು ಮಾಡುವ ವಾರ್ಫರಿನ್ ಜತೆ ಕೆಲವು ಆಂಟಿಬಯೋಟಿಕ್ ಸೇರಿದರೆ ರಕ್ತಸ್ರಾವದ ಭಯ. ಕಿಡ್ನಿ ನಿಧಾನವಾಗಿದ್ದರೆ ಎಷ್ಟೋ ಮಾತ್ರೆಗಳ ಡೋಸ್ ಇಳಿಸಬೇಕು, ಮೆಡಿಕಲ್ ಶಾಪಿನ ಕೌಂಟರಿನಲ್ಲಿ ಕ್ರಿಯೇಟಿನೈನ್ (ಕಿಡ್ನಿ ಹೇಗಿದೆ ಅಂತ ತೋರಿಸುವ ರಕ್ತದ ಅಂಶ) ಎಷ್ಟು ಅಂತ ಯಾರು ಕೇಳುತ್ತಾರೆ?

ಹಾಗಂತ ವಯಸ್ಸಾದವರ ಸೋಂಕನ್ನು ಹಗುರವಾಗಿ ನೋಡಬಾರದು. ಅವರಿಗೆ ಎಷ್ಟೋ ಸಲ ಜ್ವರವೇ ಬರುವುದಿಲ್ಲ. ಇದ್ದಕ್ಕಿದ್ದಂತೆ ಗೊಂದಲದ ಮಾತು, ಊಟ ಬೇಡ ಅನ್ನುವುದು, ಜೋರು ಉಸಿರಾಟ, ಚಳಿ ನಡುಕ ಕಂಡರೆ ಕಾಯದೆ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು. ನಿಜವಾದ ಸೋಂಕಿಗೆ ಔಷಧಿ ತಡವಾದರೆ ಜೀವಕ್ಕೇ ಕಂಟಕ.

ಹಲವು ಆಂಟಿಬಯೋಟಿಕ್‌ಗಳನ್ನು ಚೀಟಿ ನೋಡಿಯೇ ಕೊಡಬೇಕು, ರಿಜಿಸ್ಟರಿನಲ್ಲಿ ಬರೆದಿಡಬೇಕು ಅನ್ನುವ ಎಚ್1 ನಿಯಮ 2014ರಿಂದಲೇ ಜಾರಿಯಲ್ಲಿದೆ. ಆದರೂ ಎಷ್ಟೋ ಮೆಡಿಕಲ್ ಶಾಪಿನಲ್ಲಿ ಹೆಸರು ಹೇಳಿದರೆ ಸಾಕು, ಸ್ಟ್ರಿಪ್ ಕೈಗೆ ಬರುತ್ತದೆ. ಔಷಧ ನಿಯಂತ್ರಣ ಇಲಾಖೆ ಒಮ್ಮೆ ಆ ರಿಜಿಸ್ಟರುಗಳನ್ನು ತೆಗೆಸಿ ನೋಡಲಿ. ಲ್ಯಾಬಿನವರೂ ಕಲ್ಚರ್ ರಿಪೋರ್ಟಿನ ಕೆಳಗೆ, ಲಕ್ಷಣ ಇಲ್ಲದಿದ್ದರೆ ಔಷಧಿ ಬೇಕಾಗದೇ ಇರಬಹುದು, ಡಾಕ್ಟರನ್ನು ಕೇಳಿ ಅಂತ ಒಂದು ಸಾಲು ಕನ್ನಡದಲ್ಲಿ ಅಚ್ಚು ಹಾಕಲಿ.

– ಒಬ್ಬ ಓದುಗ, ಮೈಸೂರು