ಬಿಎಸ್ಸಿ ಕೃಷಿ ಸೀಟು ಸಿಕ್ಕ ಮಕ್ಕಳ ಮೊದಲ ತಿಂಗಳ ಖರ್ಚಿಗೆ: ಒಂದು ಮನವಿ

ಮಾನ್ಯರೇ,

ಶಿರಸಿ, ಸಿದ್ದಾಪುರ, ಯಲ್ಲಾಪುರದ ತೋಟದ ಮನೆಗಳಿಂದ, ಕುಮಟಾ, ಅಂಕೋಲಾ ಕಡೆಯ ಗದ್ದೆ ಮನೆಗಳಿಂದ ಒಂದಿಷ್ಟು ಮಕ್ಕಳು ಸಿಇಟಿ ಬರೆದು ಸರ್ಕಾರಿ ಕೃಷಿ ವಿಶ್ವವಿದ್ಯಾಲಯಗಳಲ್ಲಿ ಸೀಟು ಪಡೆಯುತ್ತಾರೆ. ಸೀಟು ಸಿಕ್ಕ ಮೇಲೂ ಹೋಗುವುದೋ ಬಿಡುವುದೋ ಎಂದು ಮನೆಯಲ್ಲಿ ಮಾತಾಗುತ್ತದೆ. ಕಾರಣ ದುಡ್ಡು. ಅಂಥ ಮಕ್ಕಳಿಗಾಗಿ ನಮ್ಮ ದೇವಸ್ಥಾನದ ಟ್ರಸ್ಟ್ ಒಂದು ನಿಧಿ ಮಾಡಿದೆ. ಅದಕ್ಕೆ ನಿಮ್ಮ ದೇಣಿಗೆ ಕೇಳಲು ಈ ಪತ್ರ.

ಸರ್ಕಾರಿ ಕಾಲೇಜಲ್ವಾ, ಫೀ ಕಡಿಮೆ ಇರುತ್ತದಲ್ಲ ಎಂದು ಹಲವರು ಕೇಳುತ್ತಾರೆ. ಹೌದು, ಖಾಸಗಿ ಕಾಲೇಜುಗಳಿಗೆ ಹೋಲಿಸಿದರೆ ಕಡಿಮೆಯೇ. ತೊಂದರೆ ಇರುವುದು ಹಣ ಕಟ್ಟುವ ಹೊತ್ತಿನದ್ದು. ಸೀಟು ಹಂಚಿಕೆ ಆದ ಮೇಲೆ ಕೆಲವೇ ದಿನಗಳಲ್ಲಿ ಶುಲ್ಕ ಕಟ್ಟಬೇಕು, ಕಾಲೇಜಿಗೆ ಹೋಗಿ ಹಾಜರಾಗಬೇಕು. ಜೊತೆಗೇ ಹಾಸ್ಟೆಲ್ ಠೇವಣಿ, ಮೆಸ್ಸಿನ ಮುಂಗಡ, ಹಾಸಿಗೆ, ಬಕೆಟ್, ಬಸ್ಸಿನ ಖರ್ಚು. ಇದೆಲ್ಲ ಬಂದು ಬೀಳುವುದು ಮಳೆಗಾಲದ ಹೊತ್ತಿಗೆ. ಅಡಿಕೆ ಮನೆಯಲ್ಲಿ ಆಗ ಕೈಯಲ್ಲಿ ಕಾಸಿರುವುದಿಲ್ಲ. ಅಡಿಕೆ ಗೊನೆ ಕೊಯ್ದು, ಒಣಗಿಸಿ, ಮಾರಿ ಬಂದ ಹಣ ಅಷ್ಟರಲ್ಲಿ ಖಾಲಿ. ಉಳಿದದ್ದು ಕೊಳೆ ರೋಗದ ಔಷಧಿಗೆ, ಮರ ಹತ್ತುವವರ ಕೂಲಿಗೆ ಹೋಗಿರುತ್ತದೆ. ಅಘನಾಶಿನಿ ನದಿ ದಂಡೆಯ ಗಜನಿಯಲ್ಲಿ, ಅಂದರೆ ಉಪ್ಪುನೀರು ನುಗ್ಗುವ ಗದ್ದೆಯಲ್ಲಿ, ಉಪ್ಪು ತಡೆಯುವ ಕಗ್ಗ ಭತ್ತ ಬೆಳೆಯುವವರ ಪಾಡೂ ಅದೇ. ಗದ್ದೆಗೆ ಆಗಷ್ಟೇ ಬೀಜ ಬಿದ್ದಿರುತ್ತದೆ, ಕೊಯ್ಲಿಗೆ ಇನ್ನೂ ತಿಂಗಳುಗಟ್ಟಲೆ ಇದೆ.

ರೈತರ ಮಕ್ಕಳಿಗೆಂದು ಸರ್ಕಾರ 2021ರಲ್ಲಿ ರೈತ ವಿದ್ಯಾನಿಧಿ ಎಂಬ ವಿದ್ಯಾರ್ಥಿವೇತನ ಶುರು ಮಾಡಿತು. ಒಳ್ಳೆಯ ಯೋಜನೆ. ಆದರೆ ಅದು ಕಾಲೇಜು ಸೇರಿದ ಮೇಲೆ ಖಾತೆಗೆ ಬರುವ ಹಣ. ಸೇರುವುದಕ್ಕೆ ಬೇಕಾದದ್ದನ್ನು ಯಾರಾದರೂ ಮೊದಲೇ ಹೊಂದಿಸಬೇಕು.

ಇನ್ನೊಂದು ಕಷ್ಟವನ್ನು ಹೊರಗಿನವರಿಗೆ ಹೇಳಿದರೆ ನಂಬುವುದೇ ಇಲ್ಲ. ಕೃಷಿ ಪದವಿಗೆ ಕೃಷಿಕರ ಕೋಟಾ ಇದೆ. ಅದಕ್ಕೆ ಜಮೀನಿನ ದಾಖಲೆ ತೋರಿಸಬೇಕು. ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಮುಕ್ಕಾಲು ಪಾಲು ಕಾಡು. ತಲೆಮಾರುಗಳಿಂದ ಅರಣ್ಯ ಜಾಗದಲ್ಲಿ ಸಾಗುವಳಿ ಮಾಡಿಕೊಂಡು ಬಂದ ಮನೆಗಳು ಎಷ್ಟೋ ಇವೆ. ಅರಣ್ಯ ಹಕ್ಕು ಕಾಯ್ದೆ 2006ರಲ್ಲೇ ಬಂದರೂ ಅವರಲ್ಲಿ ಬಹಳ ಜನರ ಕೈಗೆ ಪಟ್ಟಾ ಬಂದಿಲ್ಲ. ಹುಟ್ಟಿದಾಗಿನಿಂದ ಗದ್ದೆಯಲ್ಲೇ ಬೆಳೆದ ಹುಡುಗಿ ಪಹಣಿ ಇಲ್ಲದ ಕಾರಣಕ್ಕೆ ಕಾಗದದ ಮೇಲೆ ರೈತನ ಮಗಳಲ್ಲ. ಅವಳು ಸಾಮಾನ್ಯ ರ‍್ಯಾಂಕಿನಲ್ಲೇ ಸೀಟು ಗಿಟ್ಟಿಸಬೇಕು. ನಮ್ಮ ನಿಧಿಯಲ್ಲಿ ಪಹಣಿ ಕೇಳುವುದಿಲ್ಲ. ಇಂಥ ಮನೆಗಳಿಗೇ ಮೊದಲ ಆದ್ಯತೆ.

ಕೋಟಾ ಇದ್ದವರಿಗೂ ಹಾದಿ ಅಷ್ಟು ಸಲೀಸಲ್ಲ. ಅವರು ಪ್ರಾಯೋಗಿಕ ಪರೀಕ್ಷೆ ಬರೆಯಬೇಕು. ಬೀಜ, ಗೊಬ್ಬರ, ಉಪಕರಣ ನೋಡಿ ಗುರುತಿಸಬೇಕು. ನಮ್ಮ ಮಲೆನಾಡಿನ ಮಕ್ಕಳಿಗೆ ಕಾಳುಮೆಣಸಿನ ಬಳ್ಳಿ ನೋಡಿದರೆ ತಳಿ ಹೇಳಲು ಬರುತ್ತದೆ. ಕುಸುಬೆ ಕಾಳು ತೋರಿಸಿದರೆ ಸುಮ್ನೆ ನಿಂತುಬಿಡುತ್ತಾರೆ. ಬೀಜ ಬಿತ್ತುವ ಕೂರಿಗೆಯನ್ನು ಚಿತ್ರದಲ್ಲಷ್ಟೇ ಕಂಡವರು! ಬಯಲುಸೀಮೆಯ ಮಕ್ಕಳಿಗೆ ಇದು ಮನೆಯಂಗಳದ ವಿಷಯ. ಹಾಗಾಗಿ ಪರೀಕ್ಷೆಗೆ ಮೊದಲು ದೇವಸ್ಥಾನದ ಸಭಾಭವನದಲ್ಲಿ ಎರಡು ದಿನದ ತರಬೇತಿ ಇಡುತ್ತೇವೆ. ಬೀಜ, ಗೊಬ್ಬರದ ಮಾದರಿ ತರಿಸುವುದು, ಊಟ, ದೂರದವರಿಗೆ ಉಳಿಯುವ ವ್ಯವಸ್ಥೆ, ಇದಕ್ಕೂ ನಿಧಿಯಿಂದಲೇ ಖರ್ಚು.

ಕೃಷಿ ಯಾಕೆ, ಇಂಜಿನಿಯರಿಂಗ್ ಓದುವವರಿಗೆ ಕೊಡಬಾರದಾ ಎಂಬ ಪ್ರಶ್ನೆಯೂ ಬಂದಿದೆ. ಕೊಡುವವರು ಬೇರೆ ಇದ್ದಾರೆ. ನಮ್ಮ ತೋಟಗಳ ಸ್ಥಿತಿ ಮಾತ್ರ ನಿಮಗೇ ಗೊತ್ತು. ಕೊಳೆ ರೋಗ ಹಳೆಯ ಶತ್ರು, ಅದರ ಜೊತೆಗೆ ಈಗ ಎಲೆಚುಕ್ಕೆ ರೋಗ. ಕೊಳೆಗೆ ಹೊಡೆಯುವ ಬೋರ್ಡೋ ದ್ರಾವಣಕ್ಕೆ 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಎಂಬುದು ಎಲ್ಲರಿಗೂ ಬಾಯಿಪಾಠ. ಕತ್ತಿ ಅದ್ದಿ ನೋಡಿ, ಕೆಂಪು ಹತ್ತಿದರೆ ಸುಣ್ಣ ಸಾಲದು ಎನ್ನುವುದೂ ಅಜ್ಜಂದಿರ ಕಾಲದಿಂದ ಬಂದದ್ದೇ. ಆದರೆ ಹೊಸ ರೋಗ ಬಂದಾಗ ಅಂಗಡಿಯವರು ಕೊಟ್ಟ ಬಾಟಲಿಯನ್ನೇ ನಂಬಿ ಹೊಡೆಯುತ್ತಿದ್ದೇವೆ. ಅದು ಶಿಲೀಂಧ್ರವೋ, ಕೀಟವೋ, ಮಣ್ಣಿನ ಕೊರತೆಯೋ ಎಂದು ನೋಡಿ ಹೇಳುವವರು ಬೇಕು. ಶಿರಸಿಯಲ್ಲಿ ಧಾರವಾಡ ಕೃಷಿ ವಿಶ್ವವಿದ್ಯಾಲಯದ ಅರಣ್ಯ ಕಾಲೇಜು ಇದೆ, ಕೃಷಿ ವಿಜ್ಞಾನ ಕೇಂದ್ರವೂ ಇದೆ. ಅಲ್ಲಿಯವರು ಎಷ್ಟು ತೋಟಕ್ಕೆ ಅಂತ ಓಡಾಡಿಯಾರು? ಬಿಎಸ್ಸಿ ಕೃಷಿಗೆ ಮಾತ್ರ ನಮ್ಮ ಮಕ್ಕಳು ಧಾರವಾಡ, ಹನುಮನಮಟ್ಟಿ, ವಿಜಯಪುರ, ಇಲ್ಲವೇ ಶಿವಮೊಗ್ಗ ಕಡೆ ಹೋಗಬೇಕು. ನಾಲ್ಕು ವರ್ಷ, ಎಂಟು ಸೆಮಿಸ್ಟರ್. ಕೊನೆಯ ವರ್ಷ ಹಳ್ಳಿಯಲ್ಲೇ ಉಳಿದು ರೈತರ ಜೊತೆ ಕೆಲಸ ಮಾಡುವ ಪಾಠವೂ ಇದೆ.

ಓದಿದವರು ಊರಿಗೇ ವಾಪಸ್ ಬರಬೇಕು ಎಂಬ ಷರತ್ತು ಹಾಕಿಲ್ಲ. ಸಭೆಯಲ್ಲಿ ಈ ಬಗ್ಗೆ ಜೋರು ಚರ್ಚೆಯೇ ಆಯಿತು. ಬ್ಯಾಂಕಿನಲ್ಲಿ ಕೃಷಿ ಅಧಿಕಾರಿ ಆಗಲಿ, ರೈತ ಸಂಪರ್ಕ ಕೇಂದ್ರಕ್ಕೆ ಹೋಗಲಿ, ಎಂಎಸ್ಸಿ ಮಾಡಲಿ, ಅದು ಅವರಿಗೆ ಬಿಟ್ಟದ್ದು. ಸಹಾಯ ಕೊಟ್ಟು ಕಾಲಿಗೆ ಹಗ್ಗ ಕಟ್ಟುವುದು ಸರಿಯಲ್ಲ.

ಒಬ್ಬರಿಗೆ 20,000 ರೂಪಾಯಿ ಎಂದು ನಿಗದಿ ಮಾಡಿದ್ದೇವೆ. ಹಾಸ್ಟೆಲ್ ಹಾಗೂ ಕಾಲೇಜಿನ ಹಣ ನೇರ ಅಲ್ಲಿಗೇ ಕಟ್ಟುತ್ತೇವೆ, ಉಳಿದದ್ದು ವಿದ್ಯಾರ್ಥಿಯ ಖಾತೆಗೆ. ಇದು ಸಾಲವಲ್ಲ. ಈ ವರ್ಷ 12 ಮಕ್ಕಳಿಗೆ ಕೊಡುವ ಆಸೆ ಇದೆ. ಒಬ್ಬರ ಪೂರ್ತಿ ಖರ್ಚು ಹೊರುವವರು ಇದ್ದರೆ ಬಹಳ ಸಂತೋಷ. 500 ರೂಪಾಯಿ ಕೊಟ್ಟರೂ ಅಷ್ಟೇ ಮರ್ಯಾದೆಯಿಂದ ರಸೀದಿ ಬರೆಯುತ್ತೇವೆ. ದೇಣಿಗೆದಾರರ ಹೆಸರಿನ ಕಲ್ಲು ನೆಡುವ ಪದ್ಧತಿ ಇಲ್ಲ, ಆ ಕಲ್ಲಿನ ದುಡ್ಡಿನಲ್ಲಿ ಒಬ್ಬರ ಬಸ್ ಖರ್ಚು ಕಳೆಯುತ್ತದೆ. ದೇಣಿಗೆ ಕೊಟ್ಟವರಿಗೆ ತೆರಿಗೆ ವಿನಾಯಿತಿ ಕೊಡಿಸುವ ಮಾನ್ಯತೆ ನಮಗೆ ಇನ್ನೂ ಸಿಕ್ಕಿಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇವೆ.

ಹಣದ ಬದಲು ವಸ್ತುವಾಗಿ ಕೊಡುವವರೂ ಇದ್ದಾರೆ. ಹಳೆಯ ಪಠ್ಯಪುಸ್ತಕ, ಒಳ್ಳೆಯ ಸ್ಥಿತಿಯ ಗಮ್ ಬೂಟು, ಬಿಳಿ ಕೋಟು ಬೇಕು. ಬಟ್ಟೆ ಬೇಡ, ಜಾಸ್ತಿ ಬಂದಿದೆ. ಕೃಷಿ ಪದವಿ ಮುಗಿಸಿದವರು ತರಬೇತಿಗೆ ಒಂದು ದಿನ ಬಂದು ಪಾಠ ಹೇಳಿದರೆ ಅದೂ ದೊಡ್ಡ ದೇಣಿಗೆಯೇ.

ದೇವಸ್ಥಾನದ ಕಚೇರಿಯಲ್ಲಿ ಬೆಳಿಗ್ಗೆ ಪೂಜೆಯ ನಂತರ ಹಣ ಕೊಟ್ಟು ರಸೀದಿ ಪಡೆಯಬಹುದು. ಬ್ಯಾಂಕ್ ಖಾತೆಯ ವಿವರ ಕಚೇರಿಯ ಫಲಕದ ಮೇಲಿದೆ. ಆರಿದ್ರಾ ಮಳೆ ಹಿಡಿಯುವ ಮೊದಲೇ ಕೊಟ್ಟರೆ ಸೀಟು ಹಂಚಿಕೆಯ ಹೊತ್ತಿಗೆ ಹಣ ನಮ್ಮ ಕೈಯಲ್ಲಿ ಇರುತ್ತದೆ. ಲೆಕ್ಕಪತ್ರವನ್ನು ದೀಪಾವಳಿಯ ನಂತರ ಅದೇ ಫಲಕಕ್ಕೆ ಹಚ್ಚುತ್ತೇವೆ.

ಇಂತಿ,
ಟ್ರಸ್ಟಿನ ಪರವಾಗಿ, ಶಿರಸಿ