ಅರ್ಮೇನಿಯಾದ ಮಠಗಳ ಬಗ್ಗೆ ರಘುಗೊಂದು ಪತ್ರ

ರಘು,

ಹೇಗಿದೀಯೋ? ವಾಟ್ಸಾಪಲ್ಲಿ ಫೋಟೋ ನೋಡಿ "ಏನೋ ಇದು ಬಂಡೆ ಒಳಗೆ ಚರ್ಚು" ಅಂತ ಕೇಳಿದ್ಯಲ್ಲ, ಅಲ್ಲೇ ಟೈಪ್ ಮಾಡ್ತಾ ಹೋದ್ರೆ ಮುಗಿಯೋ ವಿಷಯ ಅಲ್ಲ ಇದು, ಅದಕ್ಕೆ ಇಲ್ಲೇ ಬರೀತಿದೀನಿ, ಬೇರೆಯವ್ರೂ ಓದ್ಲಿ.

ರಾಜಧಾನಿ ಯೆರೆವಾನ್‌ನಿಂದ ಬೆಳಗ್ಗೆ ವ್ಯಾನಲ್ಲಿ ಹೊರಟು ಸಂಜೆಗೆ ವಾಪಸ್ ಬರೋ ಟ್ರಿಪ್ ಕಣೋ. ಮೊದ್ಲು ಖೋರ್ ವಿರಾಪ್. ದ್ರಾಕ್ಷಿ ತೋಟಗಳ ಮಧ್ಯೆ ಒಂದು ಸಣ್ಣ ದಿಬ್ಬ, ಅದರ ಮೇಲೆ ಮಠ, ಹಿಂದೆ 5,137 ಮೀಟರ್ ಎತ್ತರದ ಅರಾರಾತ್, ತಲೆ ತುಂಬಾ ಹಿಮ. ಅರ್ಮೇನಿಯಾದವ್ರ ರಾಷ್ಟ್ರಲಾಂಛನದಲ್ಲೇ ಈ ಬೆಟ್ಟ ಇದೆ, ಆದ್ರೆ ಬೆಟ್ಟ ಇರೋದು ಟರ್ಕಿಯಲ್ಲಿ, 1993ರಲ್ಲಿ ಟರ್ಕಿ ಗಡಿ ಮುಚ್ತು. ಎದುರಿಗೇ ಕಾಣುತ್ತೆ, ಹೋಗೋ ಹಾಗಿಲ್ಲ. ಗೈಡ್ ಮೇಡಂ ಅದನ್ನ ಹೇಳುವಾಗ ಸ್ವಲ್ಪ ಹೊತ್ತು ನಮ್ಮ ಕಡೆ ತಿರುಗ್ಲೇ ಇಲ್ಲ.

ಅಲ್ಲಿ ಚರ್ಚಿನ ನೆಲದಲ್ಲಿ ಒಂದು ಕಿಂಡಿ ಇದೆ, ಕಬ್ಬಿಣದ ಏಣಿ ಹಿಡ್ಕೊಂಡು ಇಳಿದ್ರೆ ಹಳೇ ಸೆರೆಮನೆ. ರಾಜ ತಿರಿದಾತ್, ಗ್ರಿಗೋರ್ ಅನ್ನೋ ಸಂತನ್ನ ಇದೇ ಗುಂಡಿಗೆ ಹಾಕ್ಸಿದ್ದ, 13 ವರ್ಷ ಇಲ್ಲೇ ಇದ್ದ, ಆಮೇಲೆ ರಾಜನ ಕಾಯಿಲೆ ವಾಸಿ ಮಾಡಿದ್ದೂ ಅವನೇ ಅಂತ ಐತಿಹ್ಯ. ಹಾಗಾಗಿ 301ರಲ್ಲಿ ಇಡೀ ರಾಜ್ಯ ಕ್ರೈಸ್ತ ಆಯ್ತು ಅಂತ ಇವರೆಲ್ಲ ಹೇಳ್ತಾರೆ, ಈಗಿರೋ ಚರ್ಚ್ ಮಾತ್ರ 17ನೇ ಶತಮಾನದ್ದು. ಕೆಳಗೆ ಗಾಳಿ ಆಡಲ್ಲ, ಗೋಡೆಗೆಲ್ಲ ಮೇಣದಬತ್ತಿ ಹೊಗೆ ಹಿಡಿದಿದೆ, ಆದ್ರೂ ವಯಸ್ಸಾದ ಅಜ್ಜಿಯರು ಒಂದೊಂದೇ ಮೆಟ್ಟಿಲು ತಡವರಿಸ್ಕೊಂಡು ಇಳೀತಿದ್ರು.

ಗಾರ್ನಿ ಬಗ್ಗೆ ಜಾಸ್ತಿ ಬರಿಯಲ್ಲ. ಕ್ರೈಸ್ತರಾಗೋದಕ್ಕಿಂತ ಮುಂಚಿನ ಕಂಬಗಳ ಗುಡಿ, 1679ರ ಭೂಕಂಪಕ್ಕೆ ಬಿದ್ದಿದ್ದನ್ನ 1970ರ ದಶಕದಲ್ಲಿ ಮತ್ತೆ ನಿಲ್ಸಿದ್ದಾರೆ. ಚೆನ್ನಾಗಿದೆ, ಆದ್ರೆ ನನ್ನ ಮನಸ್ಸು ನಿಂತಿದ್ದು ಗೆಘಾರ್ದ್ ಮಠದಲ್ಲಿ.

ಗೆಘಾರ್ದ್ ಅಂದ್ರೆ ಏನು ಅಂತ ಹೇಳ್ಲಿ, ಅಜಾತ್ ನದಿ ಕಣಿವೆ ಕೊನೇಲಿ ರಸ್ತೆ ಮುಗಿಯುತ್ತೆ, ಮುಂದೆ ಬರೀ ಬಂಡೆ, ಆ ಬಂಡೆಗೆ ಬೆನ್ನು ಕೊಟ್ಟು 1215ರಲ್ಲಿ ಕಟ್ಟಿದ ಮುಖ್ಯ ಚರ್ಚ್, ನಮ್ಮಲ್ಲಿ ವೀರಬಲ್ಲಾಳ ಆಳ್ತಿದ್ದ ಕಾಲ ಅದು. ಗೇಟ್ ಹತ್ರ ಹೆಂಗಸರು ತಟ್ಟೆಯಷ್ಟಗಲದ ಗತಾ ಅನ್ನೋ ಸಿಹಿ ರೊಟ್ಟಿ ಮಾರ್ತಾರೆ. ಒಳಗೆ ಹೋಗಿ ಎಡಕ್ಕೆ ತಿರುಗಿದ್ರೆ ಕಟ್ಟಿದ್ದು ಮುಗಿದು ಕೊರೆದಿದ್ದು ಶುರು ಆಗುತ್ತೆ, ಕಂಬ ಕಮಾನು ಗುಮ್ಮಟ ಎಲ್ಲ ಒಂದೇ ಬಂಡೆ, ಬೆಳಕು ಬರೋದು ಗುಮ್ಮಟದ ನೆತ್ತಿಯ ಕಿಂಡಿಯಿಂದ ಮಾತ್ರ. ಒಂದು ಗುಡಿಯೊಳಗೆ ಬಂಡೆಯಿಂದಲೇ ನೀರಿನ ಒರತೆ ಬಂದು ನೆಲದ ಕಾಲುವೆಯಲ್ಲಿ ಹರೀತಿದೆ, ಜನ ತೀರ್ಥದ ಹಾಗೆ ಬೊಗಸೆಯಲ್ಲಿ ಕುಡಿದು ಬಾಟ್ಲಿಗೂ ತುಂಬಿಸ್ಕೋತಾರೆ. ಕೊರೆದ ಕುಶಲಕರ್ಮಿ ಗಲ್ಜಾಗ್ ಅಂತ, ಹೆಸರು ಅಲ್ಲೇ ಕಲ್ಲಲ್ಲಿದೆ. ಹೊಯ್ಸಳ ಗುಡಿಗಳಲ್ಲಿ ಶಿಲ್ಪಿ ಮಲ್ಲಿತಮ್ಮನ ಹೆಸರು ಹುಡುಕ್ತಾ ನೀನು ವಿಗ್ರಹಗಳ ಪೀಠದ ಕೆಳಗೆ ಬಗ್ಗಿ ಬಗ್ಗಿ ನೋಡ್ತಿದ್ದೆಯಲ್ಲ, ನೀನು ಇಲ್ಲಿರ್ಬೇಕಿತ್ತು ಕಣೋ.

ಪಕ್ಕದ ಕೋಣೆ ಪ್ರೋಷ್ ಅನ್ನೋ ಸಾಮಂತನ ಮನೆತನದ ಸಮಾಧಿ. ಗೋಡೆ ಮೇಲೆ ಎರಡು ಸಿಂಹ, ಕುತ್ತಿಗೆಗೆ ಸರಪಳಿ, ಕೆಳಗೆ ಅರ್ಧ ರೆಕ್ಕೆ ಬಿಚ್ಚಿದ ಹದ್ದು, ಉಗುರಲ್ಲಿ ಕುರಿಮರಿ. ಹೊರಗಿನಿಂದ ಮೆಟ್ಟಿಲು ಹತ್ತಿ, ಶಿಲುಬೆ ಕೆತ್ತಿದ ಕತ್ತಲೆ ಸಂದಿಯಲ್ಲಿ ಹೋದ್ರೆ ಮೇಲಿನ ಕೋಣೆ ಸಿಗುತ್ತೆ, 1288ರದ್ದು, ಪ್ರೋಷನ ಮಗ ಪಾಪಾಕ್ ಮತ್ತು ಅವನ ಹೆಂಡ್ತಿ ರುಜುಕಾನ್ ಸಮಾಧಿ ಇರೋದು ಇಲ್ಲೇ. ನಾವು ಹೋದಾಗ ಕೆಲವರು ಹಾಡ್ತಿದ್ರು, ಮೈಕಿಲ್ಲ, ವಾದ್ಯ ಇಲ್ಲ, ಬಾಯಿ ಮುಚ್ಚಿದ ಮೇಲೂ ಸ್ವರ ಕೋಣೆಯೊಳಗೆ ಸುತ್ತುತ್ತಾ ಇರುತ್ತೆ. ನನಗೆ ಒಂದು ಪದ ಅರ್ಥ ಆಗ್ಲಿಲ್ಲ, ಕಣ್ಣಲ್ಲಿ ನೀರು ಬಂತು.

ಈಗ ನಿನಗೋಸ್ಕರ ಇಟ್ಕೊಂಡಿರೋ ವಿಷಯ ಹೇಳ್ತೀನಿ. ಇಲ್ಲಿನ ಮಠಗಳ ಗೋಡೆ ತುಂಬಾ ಶಾಸನ ಕಣೋ! ಬರೀ ಪವಿತ್ರ ವಾಕ್ಯ ಅಲ್ಲ, ಲೆಕ್ಕಪತ್ರ. ಇಂಥವನು ದ್ರಾಕ್ಷಿ ತೋಟ ಕೊಟ್ಟ, ಇಂಥವಳು ಜಮೀನು ಕೊಟ್ಟಳು, ಅದಕ್ಕೆ ಬದಲಾಗಿ ಮಠದವ್ರು ವರ್ಷಕ್ಕೆ ಇಷ್ಟು ಪೂಜೆ ಅವರ ಹೆಸರಲ್ಲಿ ನಡೆಸ್ಬೇಕು. ಕೊನೇಲಿ ಶಾಪ! ಈ ದಾನಕ್ಕೆ ಅಡ್ಡ ಬಂದವರಿಗೆ 318 ಪಿತೃಗಳ ಶಾಪ ತಟ್ಟಲಿ ಅಂತ, ಅಂದ್ರೆ 325ರಲ್ಲಿ ನಿಕಿಯಾ ಅನ್ನೋ ಊರಲ್ಲಿ ನಡೆದ ಕ್ರೈಸ್ತ ಧರ್ಮಸಭೆಯಲ್ಲಿ ಸೇರಿದ ಬಿಷಪ್ಪರು. ನಾನು ಗೈಡ್ ಮೇಡಂಗೆ ನಮ್ಮ ಊರಿನ ಶಾಸನಗಳಲ್ಲೂ ಹೀಗೇ, ದಾನ ಕೆಡಿಸಿದವನು ವಾರಣಾಸಿಯಲ್ಲಿ ಸಾವಿರ ಕವಿಲೆ, ಅಂದ್ರೆ ಹಸು, ಕೊಂದ ಪಾಪಕ್ಕೆ ಹೋಗ್ತಾನೆ ಅಂತ ಬರೆದಿರುತ್ತೆ ಅಂದೆ, ಆಕೆ ನೋಟ್‌ಬುಕ್ ತೆಗೆದು ಬರ್ಕೊಂಡ್ರು. ಇಸವಿಯನ್ನ ಅಂಕಿ ಬದಲು ಅಕ್ಷರಗಳಲ್ಲೇ ಬರೀತಾರೆ, ನಾವು ಶಕ ವರ್ಷಕ್ಕೆ 78 ಕೂಡಿಸೋ ಹಾಗೆ ಇವರ ಶಕೆಗೆ 551 ಕೂಡಿಸಿದ್ರೆ ಕ್ರಿಸ್ತ ಶಕದ ಇಸವಿ ಸಿಗುತ್ತೆ. ಮಷ್ತೋತ್ಸ್ ಅನ್ನೋ ಸನ್ಯಾಸಿ 405ರ ಸುಮಾರಿಗೆ ಮಾಡಿದ ಲಿಪಿ ಅದು, ಇವತ್ತೂ ಬಸ್ ಬೋರ್ಡ್ ಮೇಲೆ ಅದೇ ಇದೆ, ಇದನ್ನ ನೋಡಿ ನನಗೆ ಎಷ್ಟು ಖುಷಿ ಆಯ್ತು ಅಂತ ನಿನಗೆ ಬಿಟ್ರೆ ಯಾರಿಗೂ ಹೇಳೋಕಾಗಲ್ಲ.

ಇನ್ನೊಂದು, ಅರ್ಮೇನಿಯನ್ ಭಾಷೆಯ ಮೊಟ್ಟಮೊದಲ ಪತ್ರಿಕೆ 'ಅಜ್ದಾರಾರ್' ಪ್ರಿಂಟ್ ಆಗಿದ್ದು 1794ರಲ್ಲಿ, ನಮ್ಮ ಮದ್ರಾಸಲ್ಲಿ. ಇಲ್ಲಿ ಮದ್ರಾಸ್ ಅಂದ್ರೆ ಓದಿದವರ ಮುಖ ಅರಳುತ್ತೆ.

ಬರೋದಾದ್ರೆ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಬಾ, ಬಿಸಿಲು ಇಳಿದಿರುತ್ತೆ. ಒಳ್ಳೇ ಟಾರ್ಚ್ ತಗೊಂಡು ಬಾ, ಪಕ್ಕದಿಂದ ಓರೆಯಾಗಿ ಬೆಳಕು ಬಿಟ್ರೆ ಸವೆದ ಅಕ್ಷರನೂ ಎದ್ದು ಕಾಣುತ್ತೆ. ಒಂದೇ ದಿನದಲ್ಲಿ ಮೂರು ಜಾಗ ಬೇಡ, ಗೆಘಾರ್ದ್‌ಗೇ ಅರ್ಧ ದಿನ ಇಟ್ಕೋ. ಮತ್ತೆ ನಿಮ್ಮೂರ ದೇವಸ್ಥಾನದ ದಾನಶಾಸನ ಇದೆಯಲ್ಲ, ಅದರ ಶಾಪದ ಸಾಲು ಪೂರ್ತಿ ಬರ್ದು ಫೋಟೋ ಸಮೇತ ಕಳ್ಸು, ಗೈಡ್ ಮೇಡಂಗೆ ಕಳಿಸ್ತೀನಿ ಅಂತ ಮಾತು ಕೊಟ್ಟಿದೀನಿ.

ಅಮ್ಮಂಗೆ ಕೇಳ್ದೆ ಅಂತ ಹೇಳು.

ನಿನ್ನ ಗೆಳೆಯ